ನೀವು ಯಾವ ಮಂದಿ?

ಗೋಪನಕೊಪ್ಪದ ಆ ಮನೆಯ ಗೇಟಿಗೆ ಮುಸ್ಕಾನ್ ಕೈ ಹಾಕುತ್ತಿದ್ದಂತೆ ಒಳಗಿನಿಂದ "ನಾಯಿ ಕಟ್ಟೇವಿ, ಬರ್ರಿ" ಎಂಬ ದನಿ ಬಂತು. ಅವಳ ಕೊರಳಲ್ಲಿ ಸಮೀಕ್ಷೆಯ ಗುರುತಿನ ಚೀಟಿ ಇತ್ತು. ಕೈಯಲ್ಲಿ ಆಗಾಗ ನೆಟ್‌ವರ್ಕ್ ಕಳೆದುಕೊಳ್ಳುವ ಮೊಬೈಲು. ದಸರೆಯ ರಜೆ ಬಂದದ್ದು ಮಕ್ಕಳಿಗೆ ಮಾತ್ರ. ಸರ್ಕಾರಿ ಶಾಲೆಯ ಮಾಸ್ತರರು, ಟೀಚರುಗಳು ಓಣಿ ಓಣಿ ತಿರುಗಿ ಜನರ ಜಾತಿ, ಓದು, ಉದ್ಯೋಗ ಬರೆದುಕೊಳ್ಳುತ್ತಿದ್ದರು. ಮುಸ್ಕಾನ್ ನೌಕರಿಗೆ ಸೇರಿ ಇನ್ನೂ ಬಹಳ ಕಾಲವಾಗಿರಲಿಲ್ಲ. ಹಿರಿಯರು ಬೇಡವೆಂದ ಓಣಿಗಳೆಲ್ಲ ಅವಳ ಪಾಲಿಗೆ ಬಂದಿದ್ದವು.

ಮನೆಯ ಯಜಮಾನ ಏಕನಾಥ ಖಾಸಗಿ ಕಾರಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ಕುರ್ಚಿ ಎಳೆದು ಕೂರಿಸಿದ, ಒಳಗೆ ಚಹಾಕ್ಕೆ ಹೇಳಿದ. ಅವಳು ಮೊಬೈಲಿನಲ್ಲಿ ಮೊದಲ ಪ್ರಶ್ನೆ ತೆರೆಯುವ ಮೊದಲೇ ತನ್ನದೊಂದು ಕೇಳಿದ.

"ಮೇಡಂ, ಈ ಜಾತಿ ಎದಕ್ಕ ಬರ್ಕೋಳಾಕತ್ತಾರ್ರೀ ಇವರು?"

"ಯಾರು ಮುಂದ ಬಂದಾರ, ಯಾರು ಹಿಂದ ಉಳದಾರ ಅಂತ ತಿಳ್ಕೊಳ್ಳಾಕ್ರಿ" ಎಂದು ಮುಸ್ಕಾನ್ ತರಬೇತಿಯಲ್ಲಿ ಕಲಿಸಿದ್ದನ್ನು ಹೇಳಿದಳು.

"ಹಿಂದ ಉಳದವರು! ನಮ್ಮ ಹುಡುಗ ಅಷ್ಟು ಛಲೋ ಮಾರ್ಕ್ಸ್ ತಗೊಂಡ, ಸೀಟು ಸಿಗಲಿಲ್ಲ. ಅವನಕಿಂತ ಕಡಿಮಿ ಬಂದಾವ ಇವತ್ತ ಡಾಕ್ಟರ್ ಆಗಿ ಕುಂತಾನ. ಅಂಥಾವನ ಕಡೆ ನಾ ಇಂಜೆಕ್ಷನ್ ಮಾಡಿಸ್ಕೋಬೇಕೇನ್ರಿ? ಈ ಮೀಸಲಾತಿ ತಗದು ಒಗದ್ರ ದೇಶ ತಾನ ಸುಧಾರಿಸತೈತಿ."

ವಾದ ಮಾಡಬೇಡಿ, ಕೇಳಿದ್ದಕ್ಕೆ ಬಂದ ಉತ್ತರವನ್ನಷ್ಟೇ ಬರೆದುಕೊಳ್ಳಿ ಎಂದು ಮೇಲಧಿಕಾರಿಗಳು ಮುಸ್ಕಾನಳಿಗೆ ಹೇಳಿದ್ದರು. ಹೆಸರು, ವಯಸ್ಸು, ಓದು ಮುಗಿದು ಜಾತಿಯ ಪ್ರಶ್ನೆ ಬಂತು. ಏಕನಾಥ "ಒಂದ ನಿಮಿಷ" ಎಂದು ಬೆರಳೆತ್ತಿ, ತನ್ನ ಸಮಾಜದ ಮುಖಂಡನೊಬ್ಬನಿಗೆ ಫೋನ್ ಹಚ್ಚಿದ.

"ಸಾಹೇಬ್ರ, ಟೀಚರ್ ಬಂದಾರ. ಎರಡು ಹೆಸರು ಅದಾವಲ್ರಿ ನಮ್ಮವು, ಯಾವುದು ಬರೆಸಿದ್ರ ಮುಂದ ನಮ್ಮ ಮಕ್ಕಳಿಗೆ ಏನರ ಸಿಗತೈತಿ? ಹಳೇದಾ? ಹಾಂ, ಹಾಂ. ಅದನ್ನ ಬರೆಸ್ತೇನಿ."

ಫೋನ್ ಇಟ್ಟು ಹಳೆಯ ಹೆಸರನ್ನೇ ಬರೆಸಿದ. ಮುಖದಲ್ಲಿ ಸಂಕೋಚದ ಎಳೆಯೂ ಇರಲಿಲ್ಲ. ಇದು ಮೋಸವೆಂದು ಅವನಿಗೆ ಅನ್ನಿಸಿರಲಿಲ್ಲ, ತಾನು ಈಗಷ್ಟೇ ಬೈದದ್ದು ಇದನ್ನೇ ಎಂದೂ ಅನ್ನಿಸಿರಲಿಲ್ಲ. ಚಹಾದ ಕಪ್ಪು ಅವಳ ಕೈಗಿಡುತ್ತ, ಸಕ್ಕರೆ ಸಾಕೋ ಬೇಕೋ ಎಂದು ಕೇಳುವಷ್ಟೇ ಅಕ್ಕರೆಯಿಂದ ಕೇಳಿದ:

"ನಿಮ್ಮ ನೌಕರಿ ಮೆರಿಟ್ ಮ್ಯಾಲೋ, ಕೋಟಾದ ಮ್ಯಾಲೋ?"

"ಪರೀಕ್ಷಾ ಬರದು ಪಾಸಾಗೇನ್ರಿ."

ಅದು ಸುಳ್ಳಲ್ಲ, ಉತ್ತರವೂ ಅಲ್ಲ. ನಿಜವಾದ ಉತ್ತರ ಅವಳಿಗೂ ಗೊತ್ತಿರಲಿಲ್ಲ. ಅವಳು ಪರೀಕ್ಷೆ ಬರೆದದ್ದು ಹಿಂದುಳಿದವರ ಮೀಸಲಾತಿಯ ಪ್ರವರ್ಗ ಒಂದರಲ್ಲಿ. ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರು, ಸರ್ಕಾರಿ ಕಾಗದದಲ್ಲಿ ನದಾಫರು, ಮುಸ್ಲಿಮರಾದರೂ ಆ ಪಟ್ಟಿಯಲ್ಲಿ ಬರುತ್ತಾರೆ; ಹೆಚ್ಚಿನ ಮುಸ್ಲಿಮರದು ಬೇರೆ ಪಟ್ಟಿ. ಅವಳ ಅಂಕಗಳಿಗೆ ಆ ಆಸರೆ ಇಲ್ಲದೆಯೂ ನೌಕರಿ ಸಿಗುತ್ತಿತ್ತೋ ಇಲ್ಲವೋ ಎಂದು ಅವಳು ತಾಳೆ ನೋಡಿರಲಿಲ್ಲ. ನೋಡಲು ಧೈರ್ಯ ಬಂದಿರಲಿಲ್ಲ ಅಂದರೂ ಆದೀತು.

ಏಕನಾಥನ ಮನೆಯ ಮೇಲಿನ ಅಂತಸ್ತಿನಲ್ಲಿ ಬಾಡಿಗೆಯವರಿದ್ದರು. ಹುಲಿಗೆವ್ವ ಎಂಬ ಮುದುಕಿ ಮತ್ತು ಅವಳ ಮೊಮ್ಮಗಳು ಸೃಷ್ಟಿ. ಸೃಷ್ಟಿ ಗೋಕುಲ ರಸ್ತೆಯ ಒಂದು ಷೋರೂಮಿನಲ್ಲಿ ಕೆಲಸಕ್ಕಿದ್ದಳು. ಜಾತಿ ಯಾವುದೆಂದು ಮುಸ್ಕಾನ್ ಕೇಳಿದ್ದೇ ತಡ, ಹುಲಿಗೆವ್ವ ಸಂತೆಯಲ್ಲಿ ಕೂಗಿದಂತೆ ಹೇಳಿದಳು: "ಮಾದರ ಅಂತ ಬರ್ಕೋಳವ್ವಾ. ದಪ್ಪ ಅಕ್ಷರದಾಗ ಬರಿ."

ಸೃಷ್ಟಿ ಎದ್ದು ಹೋಗಿ ಕಿಟಕಿ ಮುಚ್ಚಿದಳು. "ಆಯಿ, ಸಾವಕಾಶ. ಕೆಳಗ ಮಾಲಕರು ಅದಾರ."

"ಇದ್ರ ಇರ್ಲಿ. ನಿಮ್ಮಪ್ಪ ಇದ ಹೆಸರಿನ ಮ್ಯಾಲೆ ಸಾಲಿ ಕಲತು ಆಫೀಸಿನ್ಯಾಗ ಕುರ್ಚಿ ಮ್ಯಾಲೆ ಕುಂತ. ಅವಾಗ ಬೇಕಾಗಿತ್ತು, ಈಗ ಬ್ಯಾಡ ಏನು?"

"ಅಪ್ಪಗ ಕುರ್ಚಿ ಸಿಕ್ತು. ನನಗ ಮನಿ ಸಿಗವಲ್ದಲ್ಲ ಆಯಿ."

ಮುಸ್ಕಾನ್ ಇಳಿದು ಹೊರಟಾಗ ಸೃಷ್ಟಿ ಮೆಟ್ಟಿಲವರೆಗೆ ಬಂದು ಪಿಸುದನಿಯಲ್ಲಿ, "ಮೇಡಂ, ಕೆಳಗ ಏನೂ ಹೇಳಬ್ಯಾಡ್ರಿ. ಈ ಮನಿ ಸಿಗಾಕ ಭಾಳ ತಿರುಗೇವಿ" ಎಂದಳು.

"ನಾ ಯಾರಿಗೂ ಹೇಳಂಗಿಲ್ರಿ. ಹೇಳಬಾರದು ಅಂತನ ಐತಿ."

ಕೆಳಗೆ ಏಕನಾಥ ನಾಯಿಗೆ ರೊಟ್ಟಿ ಹಾಕುತ್ತ ನಿಂತಿದ್ದ. "ಮ್ಯಾಲಿನವರು ಏನು ಬರೆಸಿದ್ರು?" ಎಂದು ಕೇಳಿದ.

"ಅದನ್ನ ಹೇಳಾಕ ಬರಂಗಿಲ್ರಿ."

"ಅಂಥಾದ್ದೇನ್ರಿ ಅದು, ಹೇಳಬಾರದ್ದು?" ಎಂದವನು ಕತ್ತೆತ್ತಿ ಮೇಲಿನ ಮುಚ್ಚಿದ ಕಿಟಕಿಯನ್ನೇ ನೋಡತೊಡಗಿದ. ಹೇಳದೆ ಇದ್ದದ್ದೇ ಹೇಳಿದಂತಾಯಿತೇ? ಏನಾದರೂ ಒಂದು ಸುಳ್ಳು ಹೇಳಿಬಿಡಬೇಕಿತ್ತೇ? ಬಸ್ಸು ಹತ್ತಿದ ಮೇಲೂ ಅದೇ ಮುಸ್ಕಾನಳ ತಲೆಯಲ್ಲಿ ತಿರುಗುತ್ತಿತ್ತು.

ಅವಳ ಮನೆ ಹಳೇ ಹುಬ್ಬಳ್ಳಿಯಲ್ಲಿ. ತಂದೆ ಹಜರತಅಲಿಗೆ ಫೋಮಿನ ಗಾದಿ, ಪರದೆ, ಸೋಫಾ ಕವರುಗಳ ಅಂಗಡಿ. ಅವನ ತಂದೆ ಹೆಬಸೂರಿನಿಂದ ಬಂದವನಾದ್ದರಿಂದ ಅಡ್ಡಹೆಸರು ಹೆಬಸೂರ ಎಂದೇ ಉಳಿದಿತ್ತು. ಹೀಗಾಗಿ ಹೆಸರು ಕೇಳಿದವರಿಗೆ ಕುಲ ತಿಳಿಯುತ್ತಿರಲಿಲ್ಲ. ಮನೆಯ ಮಾತು ಕನ್ನಡ. ಅಜ್ಜಿ ಮಕ್ತುಮಬಿಗಂತೂ ಉರ್ದು ನಾಲಗೆಗೆ ಹತ್ತುತ್ತಲೇ ಇರಲಿಲ್ಲ. ಗಂಡ ಬಿಲ್ಲು ಮೀಟಿ ಹತ್ತಿ ಹಿಂಜಿದರೆ ತಾನು ಗಾದಿ ಹೊಲಿದು ಮಕ್ಕಳನ್ನು ಬೆಳೆಸಿದವಳು ಆಕೆ. ಆ ಬಿಲ್ಲಿನ ನಾದ ಕೇಳಿಯೇ ಓಣಿಯ ಹೆಂಗಸರು ಹಳೇ ಗಾದಿ ಹೊರಗೆ ತರುತ್ತಿದ್ದರೆಂದು ಮುಸ್ಕಾನಳಿಗೆ ಎಷ್ಟೋ ಸಲ ಹೇಳಿದ್ದಳು.

ಆ ದಿನ ಮುಸ್ಕಾನ್ ಮನೆಗೆ ಬಂದಾಗ ತಾಯಿ ಮುಸರತ ಪರದೆ ಬದಲಿಸುತ್ತಿದ್ದಳು. ಬರುವ ಭಾನುವಾರ ಗಂಡಿನ ಕಡೆಯವರು ಮಾತು ಮುಗಿಸಲು ಬರುವವರಿದ್ದರು. ಹುಡುಗ ಅರಫಾತ ಡಿಪ್ಲೊಮಾ ಓದಿ ಗೋಕುಲ ರಸ್ತೆಯ ಬಿಡಿಭಾಗಗಳ ಕಾರಖಾನೆಯೊಂದರಲ್ಲಿ ತಪಾಸಣೆಯ ಕೆಲಸದಲ್ಲಿದ್ದ. ತಂದೆ ಇಲ್ಲ. ಮನೆಯ ವ್ಯವಹಾರವೆಲ್ಲ ಕಾಕಾ ಮುಕ್ತಾರನದು. ಅವರು ಶೇಖರು, ಮುಸ್ಲಿಮರಲ್ಲಿ ಮೇಲಿನವರೆನಿಸಿಕೊಂಡವರು. ಮಧ್ಯಸ್ಥಿಕೆ ಮಾಡಿದ ಹೆಂಗಸು ಇವರೂ ಶೇಖರೆಂದೇ ಹೇಳಿದ್ದಳು. ಮುಸರತ ಅದನ್ನು ತಿದ್ದಿರಲಿಲ್ಲ.

"ಭಾನುವಾರ ಎಲ್ಲಾರೂ ಉರ್ದುದಾಗ ಮಾತಾಡ್ರಿ" ಎಂದಳು ಮುಸರತ. "ಅವ್ವ ಅನಬ್ಯಾಡ, ಅಮ್ಮಿ ಅನ್ನು. ಆಯಿ ಅಲ್ಲ, ದಾದಿ."

"ಅವ್ವ, ಅವರಿಗೆ ಮುಂದ ಗೊತ್ತಾಗಂಗಿಲ್ಲೇನು?"

"ಮದುವಿ ಆದ ಮ್ಯಾಲೆ ಗೊತ್ತಾದ್ರ ಆಗ್ಲಿ. ನಿನ್ನ ದೊಡ್ಡಪ್ಪನ ಮಗಳದು ಎರಡು ಸಂಬಂಧ ಯಾಕ ಮುರದ್ವು? ಇಸ್ಲಾಮಿನ್ಯಾಗ ಜಾತಿ ಇಲ್ಲ ಅಂತ ಎಲ್ಲಾರೂ ಹೇಳ್ತಾರ. ಹೆಣ್ಣು ಕೇಳಾಕ ಬಂದಾಗ ಮಾತ್ರ 'ನೀವು ಯಾವ ಮಂದಿ' ಅಂತಾರ."

ಮುಸ್ಕಾನ್ ಹಟ ಮಾಡಲಿಲ್ಲ. ಅರಫಾತ ಅವಳಿಗೆ ಹಿಡಿಸಿದ್ದ. ಹಿರಿಯರ ಒಪ್ಪಿಗೆಯಿಂದ ಆಗೀಗ ಫೋನಿನಲ್ಲಿ ಮಾತಾಡುತ್ತಿದ್ದರು. ಉರ್ದುವಿನಲ್ಲಿ ಶುರುವಾದ ಮಾತು ಸ್ವಲ್ಪ ಹೊತ್ತಿಗೆ ಕನ್ನಡಕ್ಕೆ ಜಾರುತ್ತಿತ್ತು. ಅವನು ನಗಿಸುತ್ತಿದ್ದ, ಅವಳ ಮಾತನ್ನು ಅರ್ಧಕ್ಕೆ ಕಡಿಯುತ್ತಿರಲಿಲ್ಲ. ಒಂದು ಸಲ ಮಾತ್ರ ಅವನು ಹೇಳಿದ ಮಾತು ಅವಳಿಗೆ ಮರೆಯಲಾಗಿರಲಿಲ್ಲ.

"ನಮ್ಮ ಕೆಲಸದ ಜಾಗಾದಾಗ ಕೆಲವ್ರು 'ನಿಮಗೇನಪಾ, ಕೋಟಾ ಐತಿ' ಅಂತಾರ. ನಾ ಎಂದೂ ಅದರ ಮುಖಾ ನೋಡಿಲ್ಲ ಅಂತ ಹೇಳ್ತೇನಿ. ನಾ ಮದಿವಿ ಆಗಾಕಿನೂ ಸ್ವಂತ ಶಕ್ತಿ ಮ್ಯಾಲೆ ಟೀಚರ್ ಆಗ್ಯಾಳ ಅಂತ ಮೊನ್ನೆ ಹೇಳಿದೆ. ಎಲ್ಲಾರೂ ಗಪ್ಪಾದ್ರು ನೋಡ್ರಿ."

"ಹೂಂ" ಎಂದಿದ್ದಳು ಅವಳು. ರಾತ್ರಿ ಹಗಲೆನ್ನದೆ ಓದಿ ಪರೀಕ್ಷೆ ಬರೆದದ್ದು ಸ್ವಂತ ಶಕ್ತಿಯಲ್ಲವೇ? ಹೌದು. ಹಾಗಾದರೆ ಆ 'ಹೂಂ' ಸುಳ್ಳೇ? ಅಲ್ಲ. ಆದರೂ ಫೋನಿಟ್ಟ ಮೇಲೆ ಏನೋ ಕದ್ದಂತೆ ಅನ್ನಿಸಿತ್ತು.

ಭಾನುವಾರ ಮುಕ್ತಾರ, ಅರಫಾತ ಮತ್ತು ಅವನ ತಾಯಿ ಬಂದರು. ಮಾತು ಚೆನ್ನಾಗಿ ಸಾಗಿತ್ತು. ಮುಕ್ತಾರ ಗಂಭೀರ ಮನುಷ್ಯ, ಹೊಸ ಪರದೆಗಳನ್ನು ಹೊಗಳಿದ. ಮಕ್ತುಮಬಿ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದಳು. ಯಾರಾದರೂ ಮಾತಾಡಿಸಿದರೆ ಬರೀ ತಲೆಯಾಡಿಸಬೇಕೆಂದು ಅವಳಿಗೆ ಹೇಳಿಟ್ಟಿದ್ದರು. ಹಾಲು ಶಾವಿಗೆಯ ಶೀರಕುರ್ಮಾ ಬಟ್ಟಲುಗಳು ಬಂದವು. ಅಷ್ಟರಲ್ಲಿ ಬಾಗಿಲಲ್ಲಿ ವಿದ್ಯಾ ನಿಂತಿದ್ದಳು.

ವಿದ್ಯಾ ಮುಸ್ಕಾನಳ ಶಾಲೆಯಲ್ಲೇ ಟೀಚರು. ಒಟ್ಟಿಗೆ ನೌಕರಿಗೆ ಸೇರಿದವರು, ಒಂದೇ ಡಬ್ಬಿಯಲ್ಲಿ ಉಣ್ಣುವವರು. ಹಳೇ ಹುಬ್ಬಳ್ಳಿಯ ಆ ಓಣಿ ಸಮೀಕ್ಷೆಯಲ್ಲಿ ಅವಳ ಪಾಲಿಗೆ ಬಂದಿತ್ತು.

"ಅಯ್ಯ, ಬೀಗರು ಬಂದಾರೇನು? ನಾ ಆಮ್ಯಾಲೆ ಬರ್ತೇನಿ ಬಿಡು."

"ನಾಳಿ ಬರ್ರಿ ಟೀಚರ್" ಎಂದು ಮುಸರತ ಅವಸರದಿಂದ ಎದ್ದಳು.

ಆದರೆ ಮುಕ್ತಾರ ಕೈ ಎತ್ತಿ ತಡೆದ. "ಇರ್ಲಿ ಬಿಡ್ರಿ, ಪಾಪ, ಬಿಸಿಲಾಗ ಬಂದಾರ. ನಮ್ಮ ಮನ್ಯಾಗೂ ಬರ್ಕೊಂಡು ಹೋದ್ರು, ಎಷ್ಟೊತ್ತಿನ ಕೆಲಸ? ಕೂಡವ್ವಾ."

ವಿದ್ಯಾ ಕೂತಳು. ಹೆಸರುಗಳಾದವು. ಧರ್ಮ ಆಯಿತು. ಜಾತಿಯ ಪ್ರಶ್ನೆಗೆ ಹಜರತಅಲಿ ಹೆಂಡತಿಯ ಮುಖ ನೋಡಿದ.

"ಶೇಖ ಅಂತ ಬರೀರಿ" ಎಂದಳು ಮುಸರತ.

ವಿದ್ಯಾ ಟೈಪು ಮಾಡುತ್ತ, ರೂಢಿಯಂತೆ ಮನೆಯ ಹಿರಿಯರತ್ತ ತಿರುಗಿ, "ಹೌದಲ್ರಿ ಅಜ್ಜಿ?" ಎಂದಳು.

ಅಜ್ಜಿ ಈಗ ಬಿಲ್ಲಿನ ಕಥೆ ಶುರು ಮಾಡುತ್ತಾಳೆ ಎಂದು ಮುಸ್ಕಾನ್ ಅಂದುಕೊಂಡಳು. ಮಕ್ತುಮಬಿ ನೆಟ್ಟಗೆ ಕೂತು, ಸ್ಪಷ್ಟ ದನಿಯಲ್ಲಿ "ಹೂನವ್ವಾ, ಶೇಖ" ಎಂದಳು.

ಎಲ್ಲವೂ ಹಾಗೇ ಮುಗಿದು ಹೋಗುತ್ತಿತ್ತು. ಆದರೆ ಒಂದಿಷ್ಟು ಪ್ರಶ್ನೆಗಳಾದ ಮೇಲೆ ವಿದ್ಯಾ ಓದಿದಳು: "ಮನ್ಯಾಗ ಮೀಸಲಾತಿಯಿಂದ ನೌಕರಿ ಸಿಕ್ಕವರು ಯಾರರ ಅದಾರೇನ್ರಿ?"

"ಯಾರೂ ಇಲ್ಲ" ಎಂದಳು ಮುಸರತ.

ಆ ಪ್ರಶ್ನೆಯನ್ನು ಮುಸ್ಕಾನ್ ಆ ವಾರವೆಲ್ಲ ಬೇರೆಯವರ ಪಡಸಾಲೆಗಳಲ್ಲಿ ಕೂತು ಕೇಳಿದ್ದಳು. ಜನ ಹೇಗೆ ಮುಖ ತಿರುಗಿಸುತ್ತಾರೆ, ಹೇಗೆ ದನಿ ಇಳಿಸುತ್ತಾರೆ ಎಂದು ನೋಡಿದ್ದಳು. ಈಗ ತನ್ನ ತಾಯಿ ತನ್ನನ್ನೇ 'ಯಾರೂ ಇಲ್ಲ' ಅಂದದ್ದು ಕಿವಿಗೆ ಬಿದ್ದು, ತಾನು ಆ ಕೋಣೆಯಲ್ಲಿ ಇಲ್ಲವೇನೋ ಎಂಬ ವಿಚಿತ್ರ ಭಯವಾಯಿತು.

"ನಾ ಅದೇನಿ" ಎಂದಳು.

ವಿದ್ಯಾ ತಲೆಯೆತ್ತಿದಳು. "ನೀನಾ? ಈಗ ಶೇಖ ಅಂದ್ರಲ್ಲ..."

"ಶೇಖ ಅಲ್ಲ. ನದಾಫ ಅಂತ ಬರಿ. ಪ್ರವರ್ಗ ಒಂದು."

ಅರಫಾತ ಮುಸ್ಕಾನಳ ಮುಖ ನೋಡಿದ, ಆಮೇಲೆ ಕಾಕಾನ ಮುಖ ನೋಡಿದ. ಮುಕ್ತಾರ ಬಟ್ಟಲನ್ನು ಕೆಳಗಿಟ್ಟು, ನಿಧಾನವಾಗಿ ಕೇಳಿದ: "ನದಾಫ ಅಂದ್ರ ಪಿಂಜಾರ, ಹೌದಲ್ಲ?"

"ಹೌದ್ರಿ" ಎಂದ ಹಜರತಅಲಿ. ಬೀಗರು ಬಂದಾಗಿನಿಂದ ಅವನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

"ಗಾದಿ ಅಂಗಡಿ ಅಂದಾಗ ನನಗ ಸಂಶಯ ಬಂದಿತ್ತು. ಇರ್ಲಿ. ನಾವು ಜಾತಿ ಗೀತಿ ಮಾಡಂಗಿಲ್ಲ. ಆದ್ರ ಮೊದಲ ಹೇಳಬೇಕಿತ್ತು." ಮುಕ್ತಾರನ ದನಿ ಏರಲಿಲ್ಲ. ವಿದ್ಯಾಳತ್ತ ತಿರುಗಿ, "ನೋಡವ್ವಾ, ನಿಮ್ಮ ಸರ್ಕಾರ ನಮ್ಮೊಳಗೂ ಗೋಡಿ ಕಟ್ಟಿತು. ನಮ್ಮ ಹುಡುಗನೂ ಸರ್ಕಾರಿ ನೌಕರಿ ಪರೀಕ್ಷಾ ಬರದಿದ್ದ, ಸ್ವಲ್ಪದಾಗ ತಪ್ಪಿತು. ಅವನೂ ಬಡವನ ಮಗಾನ. ಅವಗ ಒಂದು ಪಟ್ಟಿ, ಈಕಿಗೆ ಒಂದು ಪಟ್ಟಿ" ಎಂದ.

ವಿದ್ಯಾ ನದಾಫ ಎಂದು ತಿದ್ದಿಕೊಂಡಳು. ಮೊಬೈಲು ಚೀಲಕ್ಕೆ ಹಾಕಿಕೊಂಡು ಎದ್ದಳು. ಬಂದವರೂ ಎದ್ದರು. ಅರಫಾತನ ತಾಯಿ ಮಾತ್ರ ಬಟ್ಟಲಿನಲ್ಲಿ ಉಳಿದಿದ್ದನ್ನು ಕುಡಿದು ಮುಗಿಸಿಯೇ ಎದ್ದಳು. ಅದು ಸಮಾಧಾನವೋ ಬರೀ ಶಿಷ್ಟಾಚಾರವೋ ಯಾರಿಗೂ ಗೊತ್ತಾಗಲಿಲ್ಲ.

ಮನೆ ಖಾಲಿಯಾದ ಮೇಲೆ ಮುಸರತ ಅಡುಗೆಮನೆ ಸೇರಿ ಬಾಗಿಲು ಮುಂದೆ ಮಾಡಿಕೊಂಡಳು. ಹಜರತಅಲಿ ಮಗಳ ಹತ್ತಿರ ಬಂದು ಕೂತ.

"ಖರೇ ಹೇಳು. ನೌಕರಿ ಸಲುವಾಗಿ ಹೇಳಿದ್ಯೋ, ಖರೇದ ಸಲುವಾಗಿ ಹೇಳಿದ್ಯೋ?"

ಮುಸ್ಕಾನ್ ಯೋಚಿಸಿದಳು. ಶೇಖ ಎಂದು ಬರೆಸಿದರೆ ಮುಂದೆ ಯಾರಾದರೂ ಹಳೆಯ ಕಾಗದದ ಜೊತೆ ತಾಳೆ ನೋಡಿ ನೌಕರಿಗೆ ಕುತ್ತು ತಂದಾರೆಂಬ ಹೆದರಿಕೆ ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ಹಾದು ಹೋಗಿತ್ತೇ? ಹೋಗಿತ್ತೇನೋ. ತಾಯಿಯ ಮೇಲಿನ ಸಿಟ್ಟಿತ್ತೇ? ಅದೂ ಇತ್ತೇನೋ.

"ಗೊತ್ತಿಲ್ಲಪ್ಪಾ" ಎಂದಳು.

ಅವಳಿಗೆ ಹೆಚ್ಚು ನೋವಾದದ್ದು ಅಜ್ಜಿಯ ಮಾತಿನಿಂದ. ಹೋಗಿ ಮಕ್ತುಮಬಿಯ ಪಕ್ಕ ಕೂತಳು. "ಆಯಿ, ನೀ ಯಾಕ ಸುಳ್ಳು ಹೇಳಿದಿ? ಬಿಲ್ಲಿನ ಕಥಿ ಅಷ್ಟು ಹೆಮ್ಮಿಲೆ ಹೇಳ್ತಿದ್ದಿ."

"ಕಥಿ ನಿನಗ ಹೇಳಿದ್ದು. ಊರಿಗಲ್ಲ." ಮುದುಕಿ ಮೊಮ್ಮಗಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಬಿಲ್ಲಿನ ನಾದ ಕೇಳಿ ಗಾದಿ ತರ್ತಿದ್ರು ಖರೇ. ಆದ್ರ ಅವರ ಮದಿವ್ಯಾಗ ನಮ್ಮನ್ನ ಕಡೀ ಪಂಕ್ತಿಗೆ ಕುಂಡ್ರಸ್ತಿದ್ರು. ಮಸೀದ್ಯಾಗ ನಮ್ಮವರ ಬಾಜೂಕ ಸಾಲಿಗೆ ನಿಂತವರು, ಊಟಕ್ಕ ಬಾಜೂಕ ಕೂಡ್ತಿರಲಿಲ್ಲ. 'ಪಿಂಜಾರ್ತಿ' ಅಂತಿದ್ರು ನನ್ನ, ಹೆಸರು ಹಿಡದು ಯಾರೂ ಕರೀಲಿಲ್ಲ. ಆ ಹೆಸರು ನಿನಗ ನೌಕರಿ ಕೊಟ್ಟೈತಿ, ಅದಕ್ಕ ನಿನಗ ಅದು ಬೇಕು. ನನಗೇನೂ ಕೊಟ್ಟಿಲ್ಲ ಮಗಳ. ಅದು ಅಲ್ಲಿಗೇ ಮುಗೀಲಿ ಅಂತ ಮಾಡಿದ್ದೆ."

ಅಜ್ಜಿ ಅನುಭವಿಸಿದ್ದಕ್ಕಾಗಿಯೇ ತನಗೆ ನೌಕರಿ. ಆದರೆ ಅಜ್ಜಿಗೆ ಅದನ್ನು ಮರೆಯಬೇಕು, ತಾನು ಅದನ್ನು ಪ್ರತಿ ಅರ್ಜಿಯಲ್ಲೂ ನೆನಪಿಟ್ಟುಕೊಂಡು ಬರೆಯಬೇಕು. ಇಬ್ಬರಲ್ಲಿ ಯಾರದು ಸರಿ? ಎರಡೂ ಸರಿ ಅನ್ನಿಸಿತು, ಎರಡೂ ಅನ್ಯಾಯ ಅನ್ನಿಸಿತು.

ರಜೆ ಮುಗಿದು ಶಾಲೆ ಶುರುವಾಯಿತು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ವಿದ್ಯಾ ಅವಳ ತೋಳು ಹಿಡಿದಳು.

"ನಾ ಬರಬಾರದಿತ್ತು ಅವತ್ತ. ಮನಸಿಗೆ ಹಚ್ಕೋಬ್ಯಾಡ. ನನಗ ಖರೇ ಗೊತ್ತಿರಲಿಲ್ಲ ನೋಡು, ನಿನ್ನದು ಮೆರಿಟ್ ಅಂತನ ತಿಳ್ಕೊಂಡಿದ್ದೆ. ನೀ ಎಷ್ಟು ಛಲೋ ಪಾಠ ಮಾಡ್ತಿ!"

"ಹಂಗಂದ್ರ ಈಗ ಏನು ತಿಳ್ಕೊಂಡಿ?"

"ಅಯ್ಯ, ಹಂಗಲ್ಲ ನಾ ಅಂದದ್ದು."

"ಹೆಂಗ ಮತ್ತ?"

ವಿದ್ಯಾಳ ಕಣ್ಣಲ್ಲಿ ನೀರು ಬಂತು. ಮುಸ್ಕಾನಳಿಗೂ ಬಂತು. ಇಬ್ಬರೂ ಊಟ ಮಾಡಿದರು. ವಿದ್ಯಾ ತನ್ನ ಡಬ್ಬಿಯ ಹೋಳಿಗೆಯಲ್ಲಿ ದೊಡ್ಡ ಪಾಲನ್ನು ಇವಳಿಗೆ ಕೊಟ್ಟಳು. ಅದು ಪ್ರೀತಿಯೇ, ಅನುಮಾನವಿಲ್ಲ. ಆದರೂ ಕೈ ಚಾಚಿ ತೆಗೆದುಕೊಳ್ಳುವಾಗ ಮೊದಲ ಸಲ ಮುಸ್ಕಾನಳಿಗೆ ಮುಜುಗರವಾಯಿತು.

ಗಂಡಿನ ಕಡೆಯಿಂದ ಎಷ್ಟೋ ದಿನ ಸುದ್ದಿ ಇರಲಿಲ್ಲ. ಆಮೇಲೆ ಮಧ್ಯಸ್ಥಿಕೆಯ ಹೆಂಗಸು ಬಂದಳು. ಮುಕ್ತಾರ ಹೇಳಿ ಕಳಿಸಿದ್ದನಂತೆ: ಮದುವೆ ಆಗಲಿ, ಹುಡುಗಿ ನೌಕರಿ ಬಿಡುವುದು ಬೇಡ, ಆದರೆ ಲಗ್ನಪತ್ರಿಕೆಯಲ್ಲಿ ಹಜರತಅಲಿ ಶೇಖ ಎಂದು ಹಾಕಿಸಬೇಕು, ಸಂಬಂಧಿಕರ ಮುಂದೆ ಬೇರೆ ಮಾತು ಬರಬಾರದು.

ಮುಸರತಳ ಮುಖ ಅರಳಿತು. ಹಜರತಅಲಿ, "ಮುಸ್ಕಾನ್ ಏನಂತಾಳ ಕೇಳ್ರಿ" ಎಂದು ಅಂಗಡಿಗೆ ಹೋದ. ಮುಸ್ಕಾನ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರಿಗೆ ನೌಕರಿ ಬೇಕು, ನೌಕರಿ ತಂದ ಹೆಸರು ಬೇಡ. ಅವಳು ಇದನ್ನು ನೆನೆದು ಸಿಟ್ಟಾಗಲು ಹೊರಟರೆ, ತಾನೂ ಆ ಭಾನುವಾರದವರೆಗೆ ಬಯಸಿದ್ದು ಇದನ್ನೇ ಅಲ್ಲವೇ ಎಂದು ನೆನಪಾಗಿ ಸಿಟ್ಟು ಅರ್ಧಕ್ಕೇ ನಿಲ್ಲುತ್ತಿತ್ತು.

ಎರಡನೇ ಶನಿವಾರ ಅವಳು ತಂದೆಗೆ ಊಟ ಕೊಡಲು ಅಂಗಡಿಗೆ ಹೋದಾಗ ಅರಫಾತ ಅಲ್ಲಿ ಕೂತಿದ್ದ. ಒಬ್ಬನೇ ಬಂದಿದ್ದ. ಹಜರತಅಲಿ ಡಬ್ಬಿ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದ, ಬಾಗಿಲು ಮಾತ್ರ ತೆರೆದೇ ಬಿಟ್ಟ.

"ಕಾಕಾ ಹೇಳಿ ಕಳಿಸಿದ್ದು ನನ್ನ ಮಾತಲ್ಲ" ಎಂದ ಅರಫಾತ. "ಪತ್ರಿಕೆದಾಗ ನಿಮ್ಮ ಅಪ್ಪಾರ ಹೆಸರು ಹೆಂಗ ಐತಿ ಹಂಗ ಇರ್ಲಿ. ನಾ ಕಾಕಾಗ ಹೇಳೇನಿ. ಅವರು ನನ್ನ ಜೋಡಿ ಮಾತು ಬಿಟ್ಟಾರ."

"ನಾನೂ ನಿಮಗ ಫೋನಿನ್ಯಾಗ ಹೇಳಲಿಲ್ಲ. ನೀವು ಸ್ವಂತ ಶಕ್ತಿ ಅಂದಾಗ ಹೂಂ ಅಂದೆ."

"ಅದು ಚುಚ್ಚತೈತಿ" ಎಂದ ಅವನು, ಮುಚ್ಚಿಡದೆ. "ನನಗ ಸಿಟ್ಟೂ ಬಂದಿತ್ತು. ನಾ ಪರೀಕ್ಷಾ ಬರದು ತಪ್ಪಿದವ. ನಿಮ್ಮ ಪಟ್ಟ್ಯಾಗ ಇದ್ದಿದ್ರ ನನಗೂ ಸಿಗತಿತ್ತೇನೋ ಅಂತ ಅನಸ್ತು. ಆಮ್ಯಾಲೆ ನಿಮ್ಮ ಅಜ್ಜಿ 'ಶೇಖ' ಅಂದದ್ದು ನೆನಪಾತು. ಅಷ್ಟು ವಯಸ್ಸಾದಾಕಿ ಯಾಕ ಹೆದರಬೇಕು ಅಂತ ವಿಚಾರ ಮಾಡಿದೆ. ಸಿಟ್ಟು ಎಲ್ಲಿ ಇಡಬೇಕು ತಿಳೀಲಿಲ್ಲ."

ಹೊರಗೆ ರಿಕ್ಷಾವೊಂದು ಬಂದು ನಿಂತು, ಯಾರೋ ದಿಂಬಿನ ಬೆಲೆ ಕೇಳಿ ಹೋದರು. ಮುಸ್ಕಾನ್ ಬಹಳ ಹೊತ್ತಿನಿಂದ ನಾಲಗೆಯ ತುದಿಯಲ್ಲಿದ್ದದ್ದನ್ನು ಕೇಳಿದಳು.

"ನಾಳೆ ನಿಮ್ಮ ಕಾರಖಾನ್ಯಾಗ ಯಾರರ, ನಿನ್ನ ಹೆಂಡತಿಗೆ ನೌಕರಿ ಹೆಂಗ ಸಿಕ್ತು ಅಂತ ಕೇಳಿದ್ರ ಏನು ಹೇಳ್ತೀರಿ?"

ಅರಫಾತ ಫೋಮಿನ ತುಣುಕೊಂದನ್ನು ಬೆರಳಲ್ಲಿ ಹಿಚುಕುತ್ತ, "ಗೊತ್ತಿಲ್ರಿ. ಛಲೋ ಉತ್ತರ ಒಂದು ಹುಡುಕಿದೆ, ಬರುವಾಗ ಗಾಡಿ ಮ್ಯಾಲೆ. ಸಿಗಲಿಲ್ಲ" ಎಂದ.

ಮುಸ್ಕಾನಳಿಗೆ ನಗು ಬಂತು. ಆ ತಿಂಗಳೆಲ್ಲ ಅವಳು ಮಾತಾಡಿದ ಯಾರೂ ಇಷ್ಟು ನಿಸ್ಸಂಕೋಚವಾಗಿ 'ಗೊತ್ತಿಲ್ಲ' ಅಂದಿರಲಿಲ್ಲ. ಅದೊಂದರ ಮೇಲೆ ಮದುವೆಗೆ ಒಪ್ಪಬಹುದೇ? ಒಪ್ಪಬಾರದೇನೋ. "ಅಪ್ಪಗ ಹೂಂ ಅಂದಾಳ ಅಂತ ಹೇಳ್ರಿ" ಎಂದು ಹೇಳಿ, ತಂದೆ ಹೊರಗೆ ಬರುವುದರೊಳಗೆ ಹೊರಟುಬಿಟ್ಟಳು.

ಉಂಗುರ ತೊಡಿಸುವ ಕಾರ್ಯ ಹಜರತಅಲಿಯ ಮನೆಯಲ್ಲೇ ಆಯಿತು. ಮುಕ್ತಾರ ಬರಲಿಕ್ಕಿಲ್ಲ ಎಂದು ಎಲ್ಲರೂ ತಿಳಿದಿದ್ದರು. ಅವನು ತಡವಾಗಿ ಬಂದ, ಹಜರತಅಲಿಯನ್ನು ಅಪ್ಪಿಕೊಂಡ, ಹೆಚ್ಚು ಮಾತಾಡದೆ ಊಟ ಮಾಡಿದ. ಅವನ ಕಡೆಯ ಎರಡು ಮನೆಯವರು ಬಂದಿರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ಮಕ್ತುಮಬಿಯನ್ನು ಅರಫಾತನ ತಾಯಿ ಕೈ ಹಿಡಿದು ಮೊದಲ ಸಾಲಿನಲ್ಲಿ ಕೂರಿಸಿದಳು. ಆ ಮುದುಕಿ ಊಟ ಮುಗಿಯುವವರೆಗೂ, ಯಾರಾದರೂ ಬಂದು ಎಬ್ಬಿಸಿಯಾರೆಂಬಂತೆ ಬಾಗಿಲ ಕಡೆ ನೋಡುತ್ತಲೇ ಉಂಡಳು.

ಊಟವಾದ ಮೇಲೆ ಅರಫಾತನ ತಾಯಿ ಮುಸ್ಕಾನಳನ್ನು ಗದಗಿನಿಂದ ಬಂದ ಹಿರಿಯ ಹೆಂಗಸೊಬ್ಬಳಿಗೆ ತೋರಿಸಿದಳು. "ನಮ್ಮ ಸೊಸಿ. ಸರ್ಕಾರಿ ಟೀಚರ್!" ಎಂದಳು, ಹೆಮ್ಮೆಯಿಂದ.

"ಮಾಶಾ ಅಲ್ಲಾ! ಇವರು ಯಾವ ಮಂದಿ?"

ಅರಫಾತನ ತಾಯಿ ಮುಸ್ಕಾನಳನ್ನು ನೋಡಿದಳು.

"ಹುಬ್ಬಳ್ಳಿ ಮಂದಿ" ಎಂದಳು.

ಗದಗಿನ ಹೆಂಗಸು ತಲೆಯಾಡಿಸಿದಳು. ಅದು ಮುಚ್ಚಿಡುವುದೇ, ಕಾಪಾಡುವುದೇ? ಸಿಟ್ಟು ಮಾಡಬೇಕೋ ನಗಬೇಕೋ ಮುಸ್ಕಾನಳಿಗೆ ತಿಳಿಯಲಿಲ್ಲ. ಅತ್ತೆಯಾಗುವವಳು ಅವಳ ಬೆನ್ನ ಮೇಲೆ ಇಟ್ಟ ಕೈ ಬೆಚ್ಚಗಿತ್ತು. ಹೊಸ ಉಂಗುರ ಬಿಗಿಯಾಗಿತ್ತು. ಅದನ್ನು ತಿರುಗಿಸುತ್ತ ಅವಳು ಅಲ್ಲೇ ನಿಂತಳು.